ಕಲಾವಿದ ಶಂಕರ್ ನಾಗ್

ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರಗಳು ಅಡಕೆಗೆ ಹೆಸರಾದಷ್ಟೇ ಯಕ್ಷಗಾನಕ್ಕೂ ಹೆಸರಾದವು. ಕೊಯ್ಲು ಮುಗಿದು, ಅಡಕೆ ಒಣಗಿ ಮನೆ ಸೇರಿದ ಮೇಲೆ ಊರೂರಿನ ಬಯಲಿನಲ್ಲಿ ರಂಗಸ್ಥಳ ಏಳುತ್ತದೆ. ಚಂಡೆಯ ಸದ್ದು ಕಾಡಿನಾಚೆಯ ಒಂಟಿ ಮನೆಗಳಿಗೂ ಮುಟ್ಟುತ್ತದೆ. ಆಟ ನೋಡಿ ಬಂದವರು ಮರುದಿನ ಜಗಲಿಯ ಮೇಲೆ ಕವಳ ಹಾಕುತ್ತ ಕುಳಿತು, ಇರುಳು ಕಂಡುದನ್ನೆಲ್ಲ ತೂಗಿ ನೋಡುತ್ತಾರೆ. ಆ ತೂಕದಲ್ಲಿ ಒಂದು ನ್ಯಾಯವಿದೆ. ನಿನ್ನೆ ಕೀಚಕನಾಗಿ ಅಬ್ಬರಿಸಿದ ಕಲಾವಿದ ಇಂದು ಕರ್ಣನಾಗಿ ಕಣ್ಣೀರು ತರಿಸಬಹುದು. ನಾಳೆ ಬಾಹುಕನ ಕುರೂಪದ ಮರೆಯಲ್ಲಿ ನಳನ ದುಃಖವನ್ನು ತೋರಿಸಬಹುದು. ಕೀಚಕನ ವೇಷದಲ್ಲಿ ಜನಮೆಚ್ಚುಗೆ ಪಡೆದವನೆಂಬ ಕಾರಣಕ್ಕೆ ಅವನನ್ನು ಕೀಚಕನಲ್ಲಿಯೇ ಕಟ್ಟಿಹಾಕುವ ಅಭ್ಯಾಸ ಆ ಪ್ರೇಕ್ಷಕರಿಗೆ ಇಲ್ಲ. ಪ್ರತಿಯೊಂದು ವೇಷವನ್ನೂ ಅದರದರ ಗುಣದೋಷಗಳಿಂದಲೇ ಅಳೆಯುವುದು ಅವರ ಪದ್ಧತಿ.

ಚಲಚ್ಚಿತ್ರದ ಪ್ರೇಕ್ಷಕರಲ್ಲಿ ಈ ತಾಳ್ಮೆ ಅಪರೂಪ. ಅಲ್ಲಿ ಒಂದು ವೇಷ ಒಮ್ಮೆ ಜನರ ಕಣ್ಣಿಗೆ ಹಿಡಿಸಿತೆಂದರೆ, ನಟನಿಗೆ ಅದರಿಂದ ಬಿಡುಗಡೆಯೇ ಇಲ್ಲ. ಘಟ್ಟದ ಕೆಳಗಿನ ಹೊನ್ನಾವರದಲ್ಲಿ ಹುಟ್ಟಿ, ಕನ್ನಡ ಚಿತ್ರರಂಗದಲ್ಲಿ ಕೇವಲ ಹನ್ನೆರಡು ವರ್ಷ ದುಡಿದು, ಮೂವತ್ತಾರು ತುಂಬುವ ಮುನ್ನವೇ ತೀರಿಕೊಂಡ ಶಂಕರ್ ನಾಗ್ ಅವರಿಗೆ ಒದಗಿದುದು ಇದೇ ಭಾಗ್ಯ, ಇದೇ ದುರ್ದೈವ. ಅವರು ಕಾಲವಾಗಿ ಮೂರು ದಶಕಗಳು ಕಳೆದ ಮೇಲೂ ಬೆಂಗಳೂರಿನ ಆಟೋರಿಕ್ಷಾಗಳ ಬೆನ್ನಿನ ಮೇಲೆ ಅವರ ಚಿತ್ರ ಕಾಣುತ್ತದೆ. ಇಂಥ ಪ್ರೀತಿಯನ್ನು ಪಡೆದ ನಟರು ವಿರಳ. ಆದರೆ ಆ ಚಿತ್ರದಲ್ಲಿರುವುದು ‘ಆಟೋ ರಾಜ’, ಕರಾಟೆಯ ವೀರ. ‘ಆಕ್ಸಿಡೆಂಟ್’ ಚಿತ್ರವನ್ನು ನಿರ್ದೇಶಿಸಿದ ಶಂಕರ್ ನಾಗ್ ಅಲ್ಲಿ ಇಲ್ಲ. ‘ನಾಗಮಂಡಲ’ವನ್ನು ರಂಗಕ್ಕೆ ತಂದ ಶಂಕರ್ ನಾಗ್ ಅವರೂ ಇಲ್ಲ.

ಇನ್ನೊಂದು ಕಡೆ ವಿದ್ಯಾವಂತರ ತೀರ್ಪು. ಒಳ್ಳೆಯ ನಟನೊಬ್ಬ ಅಗ್ಗದ ಹೊಡೆದಾಟದ ಚಿತ್ರಗಳಲ್ಲಿ ತನ್ನ ಪ್ರತಿಭೆಯನ್ನು ಚೆಲ್ಲಿಬಿಟ್ಟನೆಂಬುದು ಅವರ ಮಾತು. ಈ ಎರಡು ತೀರ್ಪುಗಳೂ ಅವಸರದವು. ಒಂದು ಪಕ್ಷದವರು ಅರ್ಧವನ್ನು ನೋಡಿ ಮೆಚ್ಚಿದರು, ಇನ್ನೊಂದು ಪಕ್ಷದವರು ಅದೇ ಅರ್ಧವನ್ನು ನೋಡಿ ಮರುಗಿದರು. ಉಳಿದರ್ಧಕ್ಕೆ ಸಲ್ಲಬೇಕಾದ ಗಮನ ಬಹುಕಾಲ ಸಲ್ಲಲಿಲ್ಲ.

ಸಿದ್ದಾಪುರದ ಗಡಿಯಲ್ಲಿ ಜೋಗದ ಬಂಡೆಯಿಂದ ಧುಮುಕಿದ ಶರಾವತಿ ಕಾಡುಕಣಿವೆಗಳನ್ನು ಹಾಯ್ದು ಕಡಲು ಸೇರುವ ಊರು ಹೊನ್ನಾವರ. 1954ನೆಯ ಇಸವಿ ನವೆಂಬರ್ 9ರಂದು ಅಲ್ಲಿ ಶಂಕರ್ ಜನಿಸಿದರು. ತಂದೆ ಸದಾನಂದ ನಾಗರಕಟ್ಟೆ, ತಾಯಿ ಆನಂದಿ. ಮನೆಮಾತು ಕೊಂಕಣಿ, ಊರಮಾತು ಕನ್ನಡ. ಆರು ವರ್ಷ ಹಿರಿಯರಾದ ಅಣ್ಣ ಅನಂತ ನಾಗ್ ಮುಂದೆ ಕನ್ನಡದ ಶ್ರೇಷ್ಠ ನಟರಲ್ಲಿ ಒಬ್ಬರಾದರು. ಅಣ್ಣನ ಹಾದಿಯಲ್ಲಿಯೇ ತಮ್ಮನೂ ವಿದ್ಯಾಭ್ಯಾಸಕ್ಕಾಗಿ ಮುಂಬಯಿ ಸೇರಿದರು. ಆ ಕಾಲದಲ್ಲಿ ಮುಂಬಯಿಯ ಮರಾಠಿ ರಂಗಭೂಮಿ ಹೊಸ ಹುರುಪಿನಲ್ಲಿತ್ತು. ವಿಜಯ್ ತೆಂಡೂಲ್ಕರ್ ಅವರಂಥ ನಾಟಕಕಾರರು ಬರೆಯುತ್ತಿದ್ದರು. ತರುಣರ ತಂಡಗಳು ಸಣ್ಣ ಸಭಾಂಗಣಗಳಲ್ಲಿ ದೊಡ್ಡ ಸಾಹಸಗಳಿಗೆ ಕೈಹಾಕುತ್ತಿದ್ದವು. ಶಂಕರ್ ಆ ಲೋಕದಲ್ಲಿ ಮುಳುಗಿಹೋದರು. ನಟನೆ, ನಿರ್ದೇಶನ, ಬೆಳಕು, ರಂಗಸಜ್ಜಿಕೆ ಎಲ್ಲದರಲ್ಲಿಯೂ ಅವರಿಗೆ ಆಸಕ್ತಿ. ಮುಂದೆ ಬಾಳಸಂಗಾತಿಯಾದ ಅರುಂಧತಿಯವರ ಪರಿಚಯವಾದುದೂ ಅದೇ ರಂಗಭೂಮಿಯಲ್ಲಿ. ಪುಣೆಯಲ್ಲಿ ಬ್ರಿಟಿಷ್ ಅಧಿಕಾರಿ ರ‍್ಯಾಂಡನನ್ನು ಚಾಪೇಕರ್ ಸಹೋದರರು ಕೊಂದ ಪ್ರಸಂಗವನ್ನು ಕುರಿತ ‘22 ಜೂನ್ 1897’ ಎಂಬ ಮರಾಠಿ ಚಿತ್ರದ ಬರವಣಿಗೆಯಲ್ಲಿಯೂ ಅವರು ಪಾಲುಗೊಂಡರು. ಆ ಚಿತ್ರ ಹೊರಬಂದುದು 1979ರಲ್ಲಿ. ಆ ವೇಳೆಗಾಗಲೇ ಕನ್ನಡ ಅವರನ್ನು ಕರೆದುಕೊಂಡಿತ್ತು.

ಕರೆದವರು ಗಿರೀಶ ಕಾರ್ನಾಡರು. ಉತ್ತರ ಕನ್ನಡ ಜಿಲ್ಲೆಯ ಇನ್ನೊಂದು ಎಳೆ ಇಲ್ಲಿ ಬಂದು ಕೂಡಿಕೊಳ್ಳುತ್ತದೆ. ಕಾರ್ನಾಡರ ಬಾಲ್ಯ ಕಳೆದುದು ಶಿರಸಿಯಲ್ಲಿ. ಅವರ ತಂದೆ ಅಲ್ಲಿ ಸರಕಾರಿ ವೈದ್ಯರಾಗಿದ್ದರು. ಊರಿಗೆ ಬಂದ ಕಂಪನಿ ನಾಟಕಗಳನ್ನೂ ಸುತ್ತಲಿನ ಯಕ್ಷಗಾನವನ್ನೂ ನೋಡುತ್ತ ಬೆಳೆದ ಹುಡುಗ ಮುಂದೆ ‘ಹಯವದನ’ವನ್ನು ಬರೆದರೆ ಆಶ್ಚರ್ಯವೇನೂ ಇಲ್ಲ. 1978ರಲ್ಲಿ ಅವರು ನಿರ್ದೇಶಿಸಿದ ‘ಒಂದಾನೊಂದು ಕಾಲದಲ್ಲಿ’ ಚಿತ್ರದಲ್ಲಿ ಮಧ್ಯಯುಗದ ಕನ್ನಡನಾಡಿನ ಕಥೆಯಿದೆ. ಒಡಹುಟ್ಟಿದ ಪಾಳೆಯಗಾರರು ಪರಸ್ಪರ ಕಾದಾಡುತ್ತಾರೆ. ಅವರ ಪರವಾಗಿ ಹಣಕ್ಕೆ ಕತ್ತಿ ಹಿಡಿಯುವ ಯೋಧರು ಒಂದು ಬಗೆಯ ಮರ್ಯಾದೆಯನ್ನು ಕಾಪಾಡಿಕೊಳ್ಳುತ್ತಾರೆ. ಜಪಾನಿನ ಅಕಿರಾ ಕುರೊಸಾವಾ ಅವರ ಸಮುರಾಯ್ ಚಿತ್ರಗಳ ನೆರಳು ಅದರ ಮೇಲೆ ಬಿದ್ದಿದೆಯಾದರೂ ಮಣ್ಣು, ಮಳೆ, ಕಾಡು ಎಲ್ಲವೂ ನಮ್ಮವೇ. ಗಂಡುಗಲಿಯೆಂಬ ಯೋಧನ ಪಾತ್ರಕ್ಕೆ ಕಾರ್ನಾಡರು ಆರಿಸಿಕೊಂಡುದು, ಕನ್ನಡದ ತೆರೆಗೆ ಸಂಪೂರ್ಣ ಹೊಸಬನಾಗಿದ್ದ ಇಪ್ಪತ್ತಮೂರು ವರ್ಷದ ಶಂಕರ್ ಅವರನ್ನು. ಎದುರಿಗೆ ಸುಂದರಕೃಷ್ಣ ಅರಸು ಅವರಂಥ ಗಂಭೀರ ಕಂಠದ, ಎತ್ತರದ ನಟ. ಶಂಕರ್ ಅವರಲ್ಲಿ ಆ ಆಳ್ತನವಿರಲಿಲ್ಲ. ಅದಕ್ಕೆ ಬದಲಾಗಿ ಕಣ್ಣಿನಲ್ಲಿ ಒಂದು ಕಿಡಿ, ಮೈಯಲ್ಲಿ ಹುಲಿಯ ಚುರುಕು, ಮಾತಿನಲ್ಲಿ ಎಲ್ಲವನ್ನೂ ಹಗುರಾಗಿ ತೆಗೆದುಕೊಳ್ಳುವವನಂಥ ತುಂಟತನ. ಆ ತುಂಟತನದ ಕೆಳಗೆ ನೆಲೆಯಿಲ್ಲದವನ ಒಂಟಿತನವಿದೆ ಎಂಬುದನ್ನು ಅವರು ಎಲ್ಲಿಯೂ ಮಾತಿನಲ್ಲಿ ಹೇಳದೆ ತೋರಿಸಿದರು. 1979ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಭಾರತದ ಅಂತರರಾಷ್ಟ್ರೀಯ ಚಲಚ್ಚಿತ್ರೋತ್ಸವದಲ್ಲಿ ಶ್ರೇಷ್ಠ ನಟನಿಗೆ ಸಲ್ಲುವ ರಜತ ಮಯೂರ ಅವರ ಪಾಲಾಯಿತು. ಮೊದಲನೆಯ ಕನ್ನಡ ಚಿತ್ರದಲ್ಲಿಯೇ ಇಂಥ ಮನ್ನಣೆ!

ಇಷ್ಟಾದ ಮೇಲೆ ಅವರು ಕಲಾತ್ಮಕ ಚಿತ್ರಗಳ ಹಾದಿಯನ್ನೇ ಹಿಡಿಯುವರೆಂದು ಬಲ್ಲವರು ಎಣಿಸಿದ್ದರೆ ತಪ್ಪಲ್ಲ. ಕನ್ನಡದಲ್ಲಿ ಆಗ ಹೊಸ ಅಲೆಯ ಕಾಲ. ‘ಸಂಸ್ಕಾರ’, ‘ವಂಶವೃಕ್ಷ’, ‘ಕಾಡು’, ‘ಚೋಮನ ದುಡಿ’, ‘ಘಟಶ್ರಾದ್ಧ’ ಮುಂತಾದ ಚಿತ್ರಗಳು ಕನ್ನಡದ ಹೆಸರನ್ನು ದೇಶದಲ್ಲೆಲ್ಲ ಹರಡಿದ್ದವು. ಆದರೆ ಶಂಕರ್ 1979ರಲ್ಲಿ ‘ಸೀತಾರಾಮು’ ಚಿತ್ರದ ನಾಯಕರಾದರು. ಮರುವರ್ಷ ಬಂದ ‘ಆಟೋ ರಾಜ’ ಅವರನ್ನು ಮನೆಮಾತಾಗಿಸಿತು. ಅಲ್ಲಿಂದಾಚೆಗೆ ನಿರ್ಮಾಪಕರು ಸಾಲುಗಟ್ಟಿದರು. ಹನ್ನೆರಡು ವರ್ಷಗಳಲ್ಲಿ 80ಕ್ಕೂ ಹೆಚ್ಚು ಚಿತ್ರಗಳು. ಲೆಕ್ಕ ಹಾಕಿದರೆ ಎರಡು ತಿಂಗಳು ತುಂಬುವುದರೊಳಗೆ ಒಂದೊಂದು ಚಿತ್ರವೆಂದಾಯಿತು. ಚಿತ್ರ ಸಮಾಜಗಳಲ್ಲಿ ಪ್ರಪಂಚದ ಉತ್ತಮ ಚಿತ್ರಗಳನ್ನು ನೋಡಿ ರುಚಿ ಬೆಳೆಸಿಕೊಂಡವರಿಗೆ ಇದು ನುಂಗಲಾರದ ತುತ್ತಾಯಿತು.

ಅವರ ಅಸಮಾಧಾನಕ್ಕೆ ಆಧಾರವಿರಲಿಲ್ಲವೆನ್ನುವಂತಿಲ್ಲ. ಆ ಚಿತ್ರಗಳಲ್ಲಿ ಹಲವು ಅವಸರದಲ್ಲಿ ಹೆಣೆದವು. ಸೇಡಿನ ಕಥೆ, ಬೇರೆಯಾದ ಸಹೋದರರ ಕಥೆ, ಕೊನೆಯಲ್ಲಿ ಒಂದು ಹೊಡೆದಾಟ. ಇವನ್ನು ಇಂದು ಕುಳಿತು ನೋಡುವುದಕ್ಕೆ ತಾಳ್ಮೆ ಬೇಕು. ಆದರೆ ಚಿತ್ರದ ದೌರ್ಬಲ್ಯವನ್ನು ನಟನ ದೌರ್ಬಲ್ಯವೆಂದು ಬಗೆಯುವುದು ನ್ಯಾಯವಲ್ಲ. ‘ಆಟೋ ರಾಜ’ದಲ್ಲಿ ಖಾಕಿ ಅಂಗಿ ಅವರ ಮೈಮೇಲೆ ಬಾಡಿಗೆಗೆ ತಂದ ಉಡುಪಿನಂತೆ ಕಾಣುವುದಿಲ್ಲ. ದುಡಿದು ತಿನ್ನುವವನ ಚುರುಕು, ಅವನ ಸ್ವಾಭಿಮಾನ, ಕೈಯಲ್ಲಿ ಕಾಸಿಲ್ಲದಾಗಲೂ ಬಿಡದ ಹಾಸ್ಯ ಅವರಲ್ಲಿ ಸಹಜವಾಗಿ ಇಳಿದುಬಂದಿವೆ. ಆಟೋ ಚಾಲಕರು ಅವರನ್ನು ತಮ್ಮವರೆಂದು ಬಗೆದುದು ಕೇವಲ ಹಾಡು ಹೊಡೆದಾಟಗಳಿಗೆ ಮರುಳಾಗಿ ಅಲ್ಲ; ತಮ್ಮ ಬದುಕಿಗೆ ತೆರೆಯ ಮೇಲೆ ಗೌರವ ದೊರೆತುದನ್ನು ಅವರು ಕಂಡಿದ್ದರು. 1988ರ ‘ಎಸ್. ಪಿ. ಸಾಂಗ್ಲಿಯಾನಾ’ ಚಿತ್ರದ ಪೊಲೀಸ್ ಅಧಿಕಾರಿಯನ್ನು ನೋಡಿದರೂ ಇದೇ ಮಾತು. ನಿಂತಲ್ಲಿ ನಿಲ್ಲದ ನಡಿಗೆ, ತುಸು ಒರಟು ಕಂಠ, ಮಾತನ್ನು ಅರ್ಧದಲ್ಲಿ ಕತ್ತರಿಸಿ ಎಸೆಯುವ ರೀತಿ. ಆಗಿನ ತೆರೆಯ ಮೇಲೆ ನಾಯಕನೆಂದರೆ ಮಾತನ್ನು ನಿಧಾನವಾಗಿ, ನಾಟಕೀಯವಾಗಿ ಒಪ್ಪಿಸುವವನಾಗಿದ್ದ. ಶಂಕರ್ ಬೀದಿಯ ಮನುಷ್ಯನ ಹಾಗೆ ಮಾತನಾಡಿದರು. ಇದನ್ನು ಅಭಿನಯವೆಂದು ಗುರುತಿಸದೆ ಹೋದವರು, ಅದನ್ನು ಅವರ ಸ್ವಭಾವವೆಂದುಕೊಂಡು ಸುಮ್ಮನಾದರು. ಸಹಜವಾಗಿ ನಟಿಸುವವನಿಗೆ ಈ ಅನ್ಯಾಯ ಎಲ್ಲ ಕಾಲದಲ್ಲಿಯೂ ಆಗುತ್ತದೆ.

ಜನಪ್ರಿಯ ಚಿತ್ರಗಳಿಂದ ಬಂದ ಹಣವನ್ನು ಅವರು ಕೂಡಿಡಲಿಲ್ಲ. ನಿರ್ದೇಶನಕ್ಕೆ, ನಾಟಕಕ್ಕೆ, ಹೊಸ ಹೊಸ ಉದ್ಯಮಗಳಿಗೆ ಅದು ಹರಿದುಹೋಯಿತು. 1980ರಲ್ಲಿ ಅವರು ನಿರ್ದೇಶಿಸಿದ ಮೊದಲ ಚಿತ್ರ ‘ಮಿಂಚಿನ ಓಟ’ ಹೊರಬಂದಿತು. ಕಾರುಗಳನ್ನು ಕದ್ದು ಬದುಕುವ ಮೂವರು, ಅವರ ಸೆರೆವಾಸ, ಅಲ್ಲಿಂದ ತಪ್ಪಿಸಿಕೊಳ್ಳುವ ಅವರ ಪ್ರಯತ್ನ ಇದರ ವಸ್ತು. ಕಳ್ಳರನ್ನು ಚಿತ್ರ ವೈಭವೀಕರಿಸುವುದಿಲ್ಲ, ಜರೆಯುವುದೂ ಇಲ್ಲ. ಅವರ ಗೆಳೆತನವನ್ನು, ಹೊರಗಿನ ಗಾಳಿಗಾಗಿ ಅವರು ಪಡುವ ಹಂಬಲವನ್ನು ಹತ್ತಿರದಿಂದ ತೋರಿಸುತ್ತದೆ. ನಿರ್ದೇಶಕ ತಾನೇ ಜನಪ್ರಿಯ ನಾಯಕನಾಗಿದ್ದರೂ ಹೆಚ್ಚಿನ ತೂಕದ ಪಾತ್ರವನ್ನು ಅಣ್ಣನಿಗೆ ಕೊಟ್ಟುದು ಗಮನಿಸತಕ್ಕ ಸಂಗತಿ. ಮತ್ತೊಂದು ಮುಖ್ಯ ಪಾತ್ರ, ಬಹಳ ಕಾಲ ಪೋಷಕ ಪಾತ್ರಗಳಲ್ಲಿಯೇ ದುಡಿದ ರಂಗನಟ ಲೋಕನಾಥ್ ಅವರದು. ಆ ವರ್ಷದ ಮೊದಲ ಅತ್ಯುತ್ತಮ ಚಿತ್ರವೆಂಬ ರಾಜ್ಯ ಪ್ರಶಸ್ತಿಯೂ ಇನ್ನಿತರ ಹಲವು ಪ್ರಶಸ್ತಿಗಳೂ ಅದಕ್ಕೆ ಬಂದವು. ಆದರೂ ಶಂಕರ್ ನಾಗ್ ಹೆಸರನ್ನು ಹೇಳಿದೊಡನೆ ಜನರಿಗೆ ನೆನಪಾಗುವ ಚಿತ್ರಗಳ ಸಾಲಿನಲ್ಲಿ ಇದು ಮುಂದೆ ಬರುವುದಿಲ್ಲ. 1981ರ ‘ಗೀತಾ’ದ ಕಥೆಯೂ ವಿಚಿತ್ರವೇ. ಇಳಯರಾಜಾ ಅವರ ಸಂಗೀತ, ಚಿ. ಉದಯಶಂಕರ್ ಅವರ ಸಾಹಿತ್ಯದಿಂದ ಅದರ ಹಾಡುಗಳು ಇಂದಿಗೂ ಮನೆಮನೆಗಳಲ್ಲಿ ಕೇಳುತ್ತವೆ. ಚಿತ್ರವನ್ನು ನಿರ್ದೇಶಿಸಿದವರೂ ಶಂಕರ್ ಅವರೇ ಎಂಬುದು ಆ ಹಾಡುಗಳನ್ನು ಗುನುಗುವ ಅನೇಕರಿಗೆ ಹೊಸ ಸುದ್ದಿ.

ಅವರ ಚಿತ್ರಗಳಲ್ಲಿ ಅತ್ಯಂತ ಹರಿತವಾದುದು ‘ಆಕ್ಸಿಡೆಂಟ್’. ಇದು ತೆರೆ ಕಂಡುದು 1985ರಲ್ಲಿ. ಕಥೆ ಬಹು ಸರಳ. ನಡುರಾತ್ರಿಯಲ್ಲಿ ಅಮಲೇರಿದ ಶ್ರೀಮಂತ ತರುಣರು ಕಾರನ್ನು ಓಡಿಸಿಕೊಂಡು ಬರುತ್ತಾರೆ. ಊರಿನಿಂದ ಕೂಲಿಗೆ ಬಂದ ಬಡವರು ಕಾಲುದಾರಿಯ ಮೇಲೆ ಮಲಗಿದ್ದಾರೆ. ಕಾರು ಅವರ ಮೇಲೆ ಹರಿಯುತ್ತದೆ. ಕಾರು ಓಡಿಸಿದವನು ಪ್ರಬಲ ರಾಜಕಾರಣಿಯೊಬ್ಬನ ಮಗ. ಚಿತ್ರದ ಮುಕ್ಕಾಲು ಪಾಲು ನಡೆಯುವುದು ಆ ಅಪಘಾತದ ಅನಂತರ: ಸಾಕ್ಷ್ಯ ಹೇಗೆ ಮಾಯವಾಗುತ್ತದೆ, ದೂರವಾಣಿಯ ಒಂದು ಕರೆಯಿಂದ ಕಡತಗಳು ಹೇಗೆ ದಿಕ್ಕು ಬದಲಿಸುತ್ತವೆ, ಸತ್ತವರ ಹೆಸರನ್ನು ಕೇಳುವವರೂ ಇಲ್ಲದೆ ಹೋಗುವುದು ಹೇಗೆ ಎಂಬುದರ ನಿರೂಪಣೆ. ಸತ್ಯವನ್ನು ಹುಡುಕಿ ಹೊರಡುವ ಪತ್ರಕರ್ತನಾಗಿ ಶಂಕರ್ ಅವರೇ ಅಭಿನಯಿಸಿದರು. ಆ ಹೊತ್ತಿಗೆ ರಾಜ್ಯದ ಉದ್ದಗಲಕ್ಕೂ ಜನ ಅವರನ್ನು ನೋಡಲು ಬರುತ್ತಿದ್ದುದು ಕೈಕಾಲುಗಳ ಚಮತ್ಕಾರಕ್ಕಾಗಿ. ಈ ಪತ್ರಕರ್ತ ಯಾರನ್ನೂ ಹೊಡೆದು ಉರುಳಿಸುವುದಿಲ್ಲ. ಪ್ರಶ್ನೆ ಕೇಳುತ್ತಾನೆ, ಮೆಟ್ಟಿಲು ಹತ್ತಿ ಇಳಿಯುತ್ತಾನೆ, ಮತ್ತೆ ಕೇಳುತ್ತಾನೆ. ಚಿತ್ರದಲ್ಲಿ ಹಾಡುಗಳೇ ಇಲ್ಲ. ಇಳಯರಾಜಾ ಅವರಂಥ ಸಂಗೀತ ನಿರ್ದೇಶಕರು ಜೊತೆಗಿದ್ದೂ ಅವರಿಂದ ಹಿನ್ನೆಲೆ ಸಂಗೀತವನ್ನು ಮಾತ್ರ ಪಡೆಯುವುದಕ್ಕೆ ಧೈರ್ಯ ಬೇಕು. ಅಧಿಕಾರದ ಮದವನ್ನು ನಗುಮುಖದ ಹಿಂದೆ ಅಡಗಿಸಿಟ್ಟ ರಾಜಕಾರಣಿಯ ಪಾತ್ರದಲ್ಲಿ ಅನಂತ ನಾಗ್ ಅವರು ಪ್ರೇಕ್ಷಕರಿಗೆ ಅಲ್ಲಿಯವರೆಗೆ ಪರಿಚಿತವಾಗಿದ್ದ ತಮ್ಮ ಸೌಮ್ಯ ರೂಪವನ್ನು ಕಳಚಿಟ್ಟರು. ಅವರು ಮಗನ ಕೃತ್ಯವನ್ನು ಅರಿಯುವಾಗಿನ ಮುಖವನ್ನು ನೋಡಬೇಕು. ತಂದೆಯ ಆಘಾತ ಒಂದು ಕ್ಷಣ. ಮರುಕ್ಷಣವೇ ರಾಜಕಾರಣಿಯ ಲೆಕ್ಕಾಚಾರ.

‘ಆಕ್ಸಿಡೆಂಟ್’ ಸಾಮಾಜಿಕ ಸಮಸ್ಯೆಯನ್ನು ಕುರಿತ ಚಿತ್ರವೆಂದು ರಾಷ್ಟ್ರ ಪ್ರಶಸ್ತಿಯನ್ನು ಪಡೆಯಿತು. ಪ್ರಶಸ್ತಿ ಬಂದಿತೆಂದ ಮಾತ್ರಕ್ಕೆ ಜನಮನದಲ್ಲಿ ಸ್ಥಾನ ದೊರೆಯುವುದಿಲ್ಲ. ಆಟೋ ರಾಜನ ಅಭಿಮಾನಿಗಳಿಗೆ ಅದು ಒಣಕಲಾಗಿ ತೋರಿದ್ದರೆ, ಜನಪ್ರಿಯ ನಾಯಕನ ಚಿತ್ರವೆಂಬ ಕಾರಣದಿಂದ ಪಂಡಿತರು ಅದನ್ನು ಹೊಸ ಅಲೆಯ ಪಂಕ್ತಿಯಲ್ಲಿ ಕೂರಿಸಲು ಹಿಂಜರಿದರು. ಹೀಗೆ ಎರಡು ಮನೆಯ ನೆಂಟ ಉಪವಾಸವಿದ್ದಂತಾಯಿತು. ಮುಂದಿನ ದಶಕಗಳಲ್ಲಿ ದೇಶದ ಮಹಾನಗರಗಳಲ್ಲಿ ಕಾಲುದಾರಿಯಲ್ಲಿ ಮಲಗಿದವರ ಮೇಲೆ ಕಾರು ಹರಿದ ಸುದ್ದಿಗಳು ಬಂದಾಗ, ಆ ಮೊಕದ್ದಮೆಗಳು ವರ್ಷಗಟ್ಟಲೆ ಎಳೆದಾಗ, ಆ ಚಿತ್ರದಲ್ಲಿದ್ದುದು ಎಷ್ಟು ನಿಜವೆಂಬುದು ತಿಳಿದವರಿಗೆ ತಿಳಿಯಿತು.

ಇನ್ನೂ ಹೆಚ್ಚು ಕಟುವಾದ ತೀರ್ಪಿಗೆ ಗುರಿಯಾದುದು 1987ರ ‘ಒಂದು ಮುತ್ತಿನ ಕಥೆ’. ಅಮೆರಿಕದ ಲೇಖಕ ಜಾನ್ ಸ್ಟೈನ್‌ಬೆಕ್ ಬರೆದ ‘ದಿ ಪರ್ಲ್’ ಎಂಬ ಕಿರುಕಾದಂಬರಿ ಇದಕ್ಕೆ ಆಧಾರ. ಮುತ್ತು ತೆಗೆಯಲು ಸಮುದ್ರಕ್ಕೆ ಇಳಿಯುವ ಬಡವನೊಬ್ಬನಿಗೆ ಅಪೂರ್ವ ಮುತ್ತೊಂದು ಸಿಗುತ್ತದೆ. ಸಿಕ್ಕ ದಿನದಿಂದ ಅವನ ನೆಮ್ಮದಿ ಕೆಡುತ್ತದೆ. ಆ ಬಡವನ ಪಾತ್ರಕ್ಕೆ ಶಂಕರ್ ಆರಿಸಿಕೊಂಡುದು ಡಾ. ರಾಜಕುಮಾರ್ ಅವರನ್ನು. ಕನ್ನಡಿಗರು ರಾಜನಾಗಿ, ಸಂತನಾಗಿ, ಆದರ್ಶ ಗೃಹಸ್ಥನಾಗಿ ಆರಾಧಿಸಿದ ನಟ ಇಲ್ಲಿ ಅಕ್ಷರ ಬಾರದ, ಮೋಸ ಹೋಗುವ, ಹೆದರುವ ಮನುಷ್ಯ. ಅಭಿಮಾನಿಗಳು ಬಯಸಿದ ರಾಜಕುಮಾರ್ ಅದರಲ್ಲಿ ಇರಲಿಲ್ಲ. ಅವರ ಇತರ ಚಿತ್ರಗಳಂತೆ ಅದು ಓಡಲಿಲ್ಲ. ದೊಡ್ಡ ನಟನನ್ನು ನಿರ್ದೇಶಕ ಸರಿಯಾಗಿ ಬಳಸಿಕೊಳ್ಳಲಿಲ್ಲವೆಂಬ ಮಾತೂ ಹುಟ್ಟಿತು. ಚಿತ್ರದ ಓಟದಲ್ಲಿ ಅಲ್ಲಲ್ಲಿ ತೊಡಕಿರುವುದು ನಿಜ. ಆದರೆ ಹೆಸರಿನ ಭಾರವನ್ನೆಲ್ಲ ಇಳಿಸಿಟ್ಟು ಒಬ್ಬ ಮಹಾನಟ ಮುಗ್ಧನಾಗಿ ನಿಂತ ಆ ಕ್ಷಣಗಳೂ, ಅಂದಿನ ಕನ್ನಡ ಚಿತ್ರಗಳಿಗೆ ತೀರ ಅಪರೂಪವಾಗಿದ್ದ ಕಡಲಿನೊಳಗಿನ ದೃಶ್ಯಗಳೂ ಸೋತ ಚಿತ್ರವೊಂದರ ಲೆಕ್ಕಕ್ಕೆ ಸೇರಿ ಮರೆತುಹೋಗತಕ್ಕವಲ್ಲ. ತಮ್ಮನ್ನು ಒಂದೇ ವೇಷದಲ್ಲಿ ಕಟ್ಟಿಹಾಕಿದ ಪ್ರೇಕ್ಷಕರ ಮುಂದೆ ಶಂಕರ್, ಅದೇ ಕಟ್ಟಿಗೆ ಸಿಕ್ಕಿದ್ದ ಇನ್ನೊಬ್ಬ ಹಿರಿಯ ನಟನನ್ನು ಬಿಡಿಸಿ ತೋರಿಸಲು ಹೊರಟಿದ್ದರು.

ಇಷ್ಟರಲ್ಲಿ ದೂರದರ್ಶನ ಮನೆಮನೆಗೆ ಬರತೊಡಗಿತ್ತು. ಆರ್. ಕೆ. ನಾರಾಯಣ್ ಅವರ ಕಥೆಗಳನ್ನು ಧಾರಾವಾಹಿಯಾಗಿ ತೆಗೆಯುವ ಹೊಣೆ ಶಂಕರ್ ಅವರ ಮೇಲೆ ಬಿದ್ದಿತು. ‘ಗೈಡ್’ ಕಾದಂಬರಿ 1965ರಲ್ಲಿ ಹಿಂದಿ ಚಿತ್ರವಾದಾಗ ತಮ್ಮ ಕಥೆಯ ಮೇಲೆ ನಡೆದ ಪ್ರಯೋಗಗಳಿಂದ ನಾರಾಯಣ್ ಬಹಳ ನೊಂದಿದ್ದರು. ಅಂಥ ಲೇಖಕರ ಮಾಲ್ಗುಡಿಯನ್ನು, ಎಲ್ಲಿಯೂ ಇಲ್ಲದ ಆ ಊರನ್ನು, ಕಣ್ಣಿಗೆ ಕಾಣುವಂತೆ ಕಟ್ಟುವುದು ಹೇಗೆ? ಶಂಕರ್ ಅದನ್ನು ಮಲೆನಾಡಿನ ಆಗುಂಬೆಯಲ್ಲಿ ಕಂಡರು. ಹಳೆಯ ದೊಡ್ಡ ಮನೆ, ಹೆಂಚಿನ ಮಾಡು, ಉದ್ದನೆಯ ಬೀದಿ ಇದ್ದವು. ಮಳೆಯಂತೂ ಕೇಳುವುದೇ ಬೇಡ. ಬೀದಿಯ ಜನರೇ ಎಷ್ಟೋ ಕಂತುಗಳಲ್ಲಿ ಮಾಲ್ಗುಡಿಯ ಜನರಾದರು. 1986ರಿಂದ ‘ಮಾಲ್ಗುಡಿ ಡೇಸ್’ ಪ್ರಸಾರವಾಯಿತು. ಸ್ವಾಮಿಯಾಗಿ ಬಾಲನಟ ಮಂಜುನಾಥ್, ತಂದೆಯಾಗಿ ಗಿರೀಶ ಕಾರ್ನಾಡ್, ತಾಯಿಯಾಗಿ ವೈಶಾಲಿ ಕಾಸರವಳ್ಳಿ, ಸಿಹಿತಿಂಡಿಯ ವ್ಯಾಪಾರಿ ಜಗನ್ ಆಗಿ ಅನಂತ ನಾಗ್; ಎಲ್. ವೈದ್ಯನಾಥನ್ ಅವರ ಸಂಗೀತ, ಆರ್. ಕೆ. ಲಕ್ಷ್ಮಣ್ ಅವರ ರೇಖೆಗಳು. ಇವೆಲ್ಲಕ್ಕಿಂತ ಹೆಚ್ಚಾಗಿ ಹೇಳಬೇಕಾದುದು ಸಣ್ಣ ಪಾತ್ರಗಳ ವಿಷಯ. ಅಂಚೆಯವನು, ಜ್ಯೋತಿಷಿ, ಗುಮಾಸ್ತ, ಮುದುಕ, ಕಳ್ಳ, ಹೀಗೆ ಒಂದೊಂದು ಕಂತಿಗೆ ಬಂದುಹೋಗುವವರೆಲ್ಲ ಬಹುಮಟ್ಟಿಗೆ ಕನ್ನಡದ ರಂಗನಟರು, ಚಿತ್ರಗಳಲ್ಲಿ ನಾಯಕನ ಗೆಳೆಯನಾಗಿ ಇಲ್ಲವೆ ಮನೆಯ ಆಳಾಗಿ ಸವೆದವರು. ಅವರಿಗೆ ಇಲ್ಲಿ ಇಡೀ ಕಥೆಯೇ ಸಿಕ್ಕಿತು. ಹೆಸರಿಲ್ಲದ ನಟನಿಗೂ ಮುಖವಿದೆ, ಆ ಮುಖಕ್ಕೆ ಹತ್ತಿರ ಹೋಗಲು ಕ್ಯಾಮೆರಾಕ್ಕೆ ಹಕ್ಕಿದೆ ಎಂದು ನಂಬಿದ ನಿರ್ದೇಶಕನ ಕೆಲಸ ಅದು. ಹೊಡೆದಾಟದ ನಾಯಕನೆಂದು ಅವರನ್ನು ಬದಿಗಿಟ್ಟಿದ್ದವರು ಕೂಡ ಈ ಮೃದುತ್ವವನ್ನು ಕಂಡು ಬೆರಗಾದರು.

ರಂಗಭೂಮಿಯನ್ನು ಅವರು ಒಂದು ದಿನವೂ ಬ��ಟ್ಟವರಲ್ಲ. ‘ಸಂಕೇತ್’ ಎಂಬ ತಂಡವನ್ನು ಕಟ್ಟಿ, ಹಗಲು ಚಿತ್ರೀಕರಣ, ಸಂಜೆ ನಾಟಕದ ತಾಲೀಮು ಎಂದು ದಿನವನ್ನು ಹಂಚಿಕೊಂಡರು. ‘ಅಂಜು ಮಲ್ಲಿಗೆ’, ‘ನೋಡಿ ಸ್ವಾಮಿ ನಾವಿರೋದೆ ಹೀಗೆ’ ಮುಂತಾದ ನಾಟಕಗಳು ಹೀಗೆ ರಂಗವೇರಿದವು. ಕನ್ನಡ ಚಿತ್ರಗಳ ಧ್ವನಿಮುದ್ರಣಕ್ಕೆ ಮದರಾಸಿಗೆ ಓಡುತ್ತಿದ್ದ ಕಾಲದಲ್ಲಿ ಬೆಂಗಳೂರಿನಲ್ಲಿಯೇ ‘ಸಂಕೇತ್’ ಧ್ವನಿಮುದ್ರಣ ಕೇಂದ್ರವನ್ನು ತೆರೆದರು. ಬಡವರಿಗೆ ಅಗ್ಗದಲ್ಲಿ ಮನೆ ಕಟ್ಟುವ ವಿಧಾನ, ನಂದಿಬೆಟ್ಟಕ್ಕೆ ತಂತಿಯ ಹಾದಿ, ಬೆಂಗಳೂರಿಗೆ ಮೆಟ್ರೊ ರೈಲು ಮುಂತಾಗಿ ಅವರು ತಲೆಗೆ ಹಚ್ಚಿಕೊಂಡ ಕನಸುಗಳು ಒಂದೆರಡಲ್ಲ. ಮೆಟ್ರೊ ಬೆಂಗಳೂರಿನಲ್ಲಿ ಓಡತೊಡಗಿದುದು 2011ರಲ್ಲಿ. ಕೇಳುವವರಿಗೆ ಆ ದಿನಗಳಲ್ಲಿ ಇದೆಲ್ಲ ನಟನೊಬ್ಬನ ಹುಚ್ಚಿನಂತೆ ಕಂಡಿರಬೇಕು. ನಿದ್ರೆಯನ್ನು ಕಾರಿನಲ್ಲಿ ಮಾಡುವ, ಊಟವನ್ನು ನಡೆಯುತ್ತ ಮಾಡುವ ಆ ಜೀವನಕ್ರಮ ಅವರ ಆಪ್ತರಿಗೆ ಆತಂಕದ ವಿಷಯವಾಗಿತ್ತು.

ಗಿರೀಶ ಕಾರ್ನಾಡರ ‘ನಾಗಮಂಡಲ’ವನ್ನು 1989ರಲ್ಲಿ ಕನ್ನಡದ ರಂಗಕ್ಕೆ ತಂದುದು ಅವರ ಕೊನೆಯ ವರ್ಷಗಳ ದೊಡ್ಡ ಕೆಲಸ. ತಮ್ಮನ್ನು ಕನ್ನಡಕ್ಕೆ ಕರೆತಂದ ನಾಟಕಕಾರನ ಕೃತಿ. ಜಾನಪದ ಕಥೆ, ಹಾಡು, ಮಾಯೆ, ಹಾಸ್ಯ ಬೆರೆತ ವಸ್ತು. ಘಟ್ಟದ ಸೀಮೆಯ ಬಯಲಾಟದ ಉಸಿರು ಆ ನಾಟಕದಲ್ಲಿ ಎಲ್ಲಿಯೋ ಇದೆ. ಮರುವರ್ಷ ಚಂದ್ರಶೇಖರ ಕಂಬಾರರ ‘ಜೋಕುಮಾರಸ್ವಾಮಿ’ ನಾಟಕ ಚಿತ್ರವಾಗುವುದಿತ್ತು. ಅದರಲ್ಲಿ ಶಂಕರ್ ಅಭಿನಯಿಸಬೇಕಾಗಿತ್ತು. ಹೊಡೆದಾಟದ ಚಿತ್ರಗಳ ಭರಾಟೆಯ ನಡುವೆಯೂ ಅಂಥ ಪಾತ್ರಕ್ಕೆ ಬಿಡುವು ಮಾಡಿಕೊಂಡು, ಪತ್ನಿ ಅರುಂಧತಿ ಹಾಗೂ ಪುಟ್ಟ ಮಗಳೊಂದಿಗೆ ಅವರು ಬೆಂಗಳೂರಿನಿಂದ ಉತ್ತರದ ಕಡೆಗೆ ಹೊರಟರು. 1990ರ ಸೆಪ್ಟೆಂಬರ್ 30ರಂದು ದಾವಣಗೆರೆಯ ಸಮೀಪ ಆನಗೋಡಿನ ಬಳಿ ಅವರ ಕಾರು ಅಪಘಾತಕ್ಕೆ ಈಡಾಯಿತು. ಪತ್ನಿಯೂ ಮಗಳೂ ಗಾಯಗೊಂಡು ಬದುಕಿದರು. ಶಂಕರ್ ಉಳಿಯಲಿಲ್ಲ. ನಗರದ ಬೀದಿಯ ಅವಘಡವೊಂದರ ಬೆನ್ನು ಹತ್ತಿ ‘ಆಕ್ಸಿಡೆಂಟ್’ ಎಂಬ ಚಿತ್ರವನ್ನು ಮಾಡಿದಂಥ ನಿರ್ದೇಶಕನ ಬಾಳು ರಸ್ತೆಯಲ್ಲಿಯೇ ಮುಗಿದುದನ್ನು ವಿಧಿಯ ಕ್ರೌರ್ಯವೆನ್ನದೆ ಬೇರೆ ಮಾತಿಲ್ಲ.

ಮುಗಿಸಿಟ್ಟಿದ್ದ ಚಿತ್ರಗಳು ಅನಂತರವೂ ಒಂದೊಂದಾಗಿ ತೆರೆಗೆ ಬಂದವು. ಇಲ್ಲದ ನಟನನ್ನು ತೆರೆಯ ಮೇಲೆ ಕಂಡು ಜನ ಅತ್ತರು. 1991ರಲ್ಲಿ ‘ಸುಂದರಕಾಂಡ’ ಬಂದಿತು. ಕಾಲ ಕಳೆದಂತೆ ಅವರ ಇನ್ನೊಂದು ಸಾಲಿನ ಚಿತ್ರಗಳನ್ನೂ ಹೊಸ ತಲೆಮಾರಿನವರು ಹುಡುಕಿ ನೋಡತೊಡಗಿದರು. ಹೆಸರಾದ ಹೊಡೆದಾಟದ ಚಿತ್ರಗಳ ಜೊತೆಗೆ ‘ಮಿಂಚಿನ ಓಟ’, ‘ಆಕ್ಸಿಡೆಂಟ್’ಗಳ ಮಾತೂ ಕೇಳಿಬರತೊಡಗಿತು. ಅರುಂಧತಿ ನಾಗ್ ಅವರು ಪತಿಯ ಹೆಸರಿನಲ್ಲಿ ಒಂದು ರಂಗಮಂದಿರವನ್ನು ಕಟ್ಟಲು ವರ್ಷಗಟ್ಟಲೆ ಶ್ರಮಿಸಿದರು. ಬೆಂಗಳೂರಿನ ಜೆ. ಪಿ. ನಗರದಲ್ಲಿ ‘ರಂಗಶಂಕರ’ 2004ರಲ್ಲಿ ಬಾಗಿಲು ತೆರೆಯಿತು. ಕನ್ನಡವೂ ಸೇರಿದಂತೆ ಹಲವು ಭಾಷೆಗಳ ನಾಟಕಗಳು ಅಲ್ಲಿ ನಡೆಯುತ್ತವೆ. ಅಲ್ಲಿ ನಾಟಕ ಹೇಳಿದ ಹೊತ್ತಿಗೆ ಸರಿಯಾಗಿ ಪ್ರಾರಂಭವಾಗುತ್ತದೆ. ತಡವಾಗಿ ಬಂದವರಿಗೆ, ಅವರು ಎಷ್ಟೇ ದೊಡ್ಡವರಿರಲಿ, ಒಳಗೆ ಪ್ರವೇಶವಿಲ್ಲ.